ಕೊನೆಯ ಹದಿನೆಂಟು ಬೈಟು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಸಮಸ್ತ ಜನರಿಗೆ, ಅವರ ದನಕರುಗಳಿಗೆ, ಹಾಗೂ ಹಾಲು ಮುಟ್ಟದವರಿಗೂ ಸಂಬಂಧಪಟ್ಟ ಒಂದು ಗಂಭೀರ ವಿಷಯವನ್ನು ಇಲ್ಲಿ ತಿಳಿಸಬೇಕಾಗಿದೆ. ಖಜೂರಿಯ ಹಾಲಿನ ಟಾಕಿಯಿಂದ ಆಳಂದದ ಆಫೀಸಿಗೆ ಬರುತ್ತಿದ್ದ ಸುದ್ದಿಯ ಪೊಟ್ಟಣದಲ್ಲಿ ಕೊನೆಯ ಹದಿನೆಂಟು ಬೈಟುಗಳು ಖಾಲಿ ಇರಬೇಕಾಗಿತ್ತು. ಖಾಲಿ ಇರಲಿಲ್ಲ.

ಮೂರು ತಾಲೂಕಿನಲ್ಲಿ ಈ ಸಂಗತಿ ಗೊತ್ತಿದ್ದವನು ಒಬ್ಬನೇ. ಅವನ ಹೆಸರು ಶಿವಪ್ರಕಾಶ. ನಲವತ್ತು ದಾಟಿದ, ಜೇವರ್ಗಿ ಕಡೆಯ, ಮೆತ್ತಗೆ ಮಾತಾಡುವ ಮನುಷ್ಯ. ಆಳಂದದ ಒಂದು ಖಾಸಗಿ ಡೇರಿಯಲ್ಲಿ ಅವನೇ ಕಂಪ್ಯೂಟರ್ ವಿಭಾಗ. ವಿಭಾಗದ ಮುಖ್ಯಸ್ಥನೂ ಅವನೇ, ಕೈಕೆಳಗಿನವನೂ ಅವನೇ, ಆದ್ದರಿಂದ ಅಲ್ಲಿ ಜಗಳ ಕಡಿಮೆ. ಹೆಂಡತಿ ಸೋಲಾಪುರದ ತವರಿಗೆ ಹೋಗಿ, ಅಲ್ಲಿಂದ ವಕೀಲರ ಕಾಗದ ಬಂದು, ಇಬ್ಬರೂ ತಕರಾರಿಲ್ಲದೆ ಸಹಿ ಹಾಕಿ ವರ್ಷಗಳಾಗಿದ್ದವು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖೋಲಿ, ಅದರ ಎದುರಿಗೆ ಒಂದು ಖಾನಾವಳಿ, ಇವೆರಡರ ನಡುವೆ ಅವನ ಸಂಸಾರ ನಡೆದಿತ್ತು. ಖಾನಾವಳಿಯಲ್ಲಿ ಉಣ್ಣುವವನನ್ನು ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಾರೆ. ಅದು ಬೇರೆ ಪ್ರಶ್ನೆ.

ಡೇರಿಗೆ ಮೂರು ಕಡೆ ಹಾಲು ತಂಪು ಮಾಡುವ ಟಾಕಿಗಳಿದ್ದವು: ಖಜೂರಿಯಲ್ಲೊಂದು, ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು. ಪ್ರತಿ ಟಾಕಿಯ ಪಕ್ಕದ ಗೋಡೆಗೆ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ಸಿಮ್ಮು. ಹಾಲು ಎಷ್ಟು ತಂಪಾಗಿದೆ, ಎಷ್ಟು ಲೀಟರ್ ಇದೆ, ಕರೆಂಟು ಇದೆಯೋ ಹೋಗಿದೆಯೋ ಎಂಬುದನ್ನು ಆ ಡಬ್ಬಿ ಹತ್ತು ನಿಮಿಷಕ್ಕೊಮ್ಮೆ ಆಳಂದಕ್ಕೆ ಕಳಿಸುತ್ತಿತ್ತು. ಡಬ್ಬಿ ಮಾರಿದ ಕಂಪನಿ ಒಂದು ದಿನ ಬಾಗಿಲು ಹಾಕಿತು. ಅದರ ಜೊತೆಗೆ ಆಫೀಸಿನ ಪರದೆಯ ಮೇಲೆ ಗಡಿಯಾರದಂಥ ಬಣ್ಣಬಣ್ಣದ ಮೀಟರುಗಳನ್ನು ತೋರಿಸುತ್ತಿದ್ದ ಅದರ ಸಾಫ್ಟ್‌ವೇರೂ ಕಣ್ಣು ಮುಚ್ಚಿತು. ಡಬ್ಬಿಗಳಿಗೆ ಈ ಸುದ್ದಿ ಮುಟ್ಟಲಿಲ್ಲ. ಅವು ಹೇಳುವುದನ್ನು ಹೇಳುತ್ತಲೇ ಇದ್ದವು. ಕೇಳುವವರಿರಲಿಲ್ಲ.

"ಶಿವಪ್ರಕಾಶರ, ಅವು ಏನ ಒದರಾಕತ್ತಾವ ನೋಡ್ರಿ ಸ್ವಲ್ಪ," ಎಂದರು ಮ್ಯಾನೇಜರ್ ಚಂದ್ರಾಮಪ್ಪ. "ಹೊಸಾ ಸಾಫ್ಟ್‌ವೇರ್ ತರೂದಂದ್ರ ಮ್ಯಾಲಿನವರು ನನ್ನ ತೆಗೀತಾರ."

ಹೀಗೆ ಶಿವಪ್ರಕಾಶ ಕಚ್ಚಾ ಬೈಟುಗಳ ಎದುರು ಕುಳಿತ. ಬೈಟು ಎಂದರೆ ಸೊನ್ನೆಯಿಂದ ಇನ್ನೂರೈವತ್ತೈದರ ತನಕದ ಒಂದು ಅಂಕಿ, ಅಷ್ಟೆ. ಅದರ ಅರ್ಥ ಅದಕ್ಕೇ ಗೊತ್ತಿರುವುದಿಲ್ಲ, ಓದುವವನು ಕೊಡಬೇಕು. ಒಂದು ಪೊಟ್ಟಣದಲ್ಲಿ ಇಂಥವು ಅರವತ್ತನಾಲ್ಕು. ಅವನು ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದು, ಅವನ್ನು ಎರಡೆರಡಾಗಿ, ನಾಲ್ಕು ನಾಲ್ಕಾಗಿ ಬಿಡಿಸಿ ನೋಡತೊಡಗಿದ. ಖಜೂರಿಯ ಹಾಲು ಮೊದಲ ದಿನ ಸಾವಿರದ ಎಪ್ಪತ್ತೈದು ಡಿಗ್ರಿಯಲ್ಲಿ ತಂಪಾಗಿತ್ತು.

ತಪ್ಪು ಎಲ್ಲಿದೆ ಎಂದು ತಿಳಿಯಲು ಅವನು ದೂರ ಹೋಗಬೇಕಾಗಲಿಲ್ಲ. ಆಫೀಸಿನ ಕೆಳಗೆ ಚಹಾ ಮಾರುವ ಶರಫುದ್ದೀನ ಗಿರಾಕಿಗಳ ಲೆಕ್ಕವನ್ನು ಉರ್ದುವಿನಲ್ಲೇ ಹಾಕುತ್ತಿದ್ದ. ಪಚ್ಚೀಸ್ ಎನ್ನುವಾಗ ಐದು ಮೊದಲು ಬರುತ್ತದೆ, ಇಪ್ಪತ್ತು ಅದರ ಬೆನ್ನಿಗೆ. ಇಪ್ಪತ್ತೈದು ಎನ್ನುವಾಗ ದೊಡ್ಡದು ಮುಂದೆ, ಸಣ್ಣದು ಹಿಂದೆ. ಎರಡೂ ಒಂದೇ ಹಣ. ಡಬ್ಬಿಯೂ ಹಾಗೇ ಸಣ್ಣದನ್ನು ಮೊದಲು ಕಳಿಸುತ್ತಿತ್ತು, ಇವನು ದೊಡ್ಡದು ಮೊದಲು ಎಂದು ಓದುತ್ತಿದ್ದ. ಪೈಥಾನಿನಲ್ಲಿ ಇದನ್ನು ತಿಳಿಸಲು ಒಂದು ಬಾಣದ ಗುರುತು ಇದೆ. ಬಲಕ್ಕೆ ಮುಖ ಮಾಡಿದ್ದ ಬಾಣವನ್ನು ಎಡಕ್ಕೆ ತಿರುಗಿಸಿದ ಕೂಡಲೇ ಖಜೂರಿಯ ಹಾಲು ನಾಲ್ಕು ಪಾಯಿಂಟ್ ಎರಡು ಡಿಗ್ರಿಗೆ ಇಳಿಯಿತು. ಚಂದ್ರಾಮಪ್ಪನವರು ಪರದೆಯನ್ನು ನೋಡಿ, ತಾವೇ ಇಳಿಸಿದಂತೆ ತಲೆಯಾಡಿಸಿದರು.

ಅರವತ್ತನಾಲ್ಕರಲ್ಲಿ ಮೊದಲ ನಲವತ್ತಾರು ಬೈಟುಗಳ ಅರ್ಥ ಹೀಗೆ ಒಂದೊಂದಾಗಿ ಹತ್ತಿತು. ಕೊನೆಯ ಹದಿನೆಂಟಕ್ಕೆ ಕೆಲಸವೇ ಇರಲಿಲ್ಲ. ಪೊಟ್ಟಣ ಇಂತಿಷ್ಟು ಉದ್ದ ಇರಬೇಕೆಂಬ ನಿಯಮಕ್ಕೆ ತುಂಬಿದ ಜಾಗ, ಗೋಣಿಚೀಲದ ಬಾಯಿಗೆ ತುರುಕಿದ ಹುಲ್ಲಿನ ಹಾಗೆ. ಅಲ್ಲಿ ಸೊನ್ನೆಗಳಿರಬೇಕು. ಖಜೂರಿಯದರಲ್ಲಿ ಬೇರೆ ಏನೋ ಇತ್ತು. ಅಕ್ಷರಗಳಿರಬಹುದೆಂದು ಬಿಡಿಸಿದರೆ ಪರದೆಯ ಮೇಲೆ ಚೀನಿ ಲಿಪಿ ಮೂಡಿತು.

"ಮಿಷಿನ್ ಚೀನಾದ್ದು, ಚೀನೀದಾಗೇ ಮಾತಾಡ್ತದ. ಇದ್ರಾಗೇನ ಆಶ್ಚರ್ಯ?" ಎಂದರು ಚಂದ್ರಾಮಪ್ಪ. "ನಮ್ಮ ಮನೀ ಟಾರ್ಚಿನ ಮ್ಯಾಲೂ ಹಿಂಗೇ ಬರದದ."

ಮೊಬೈಲಿನಲ್ಲಿ ಅರ್ಥ ನೋಡಿದಾಗ ಮೊದಲ ಅಕ್ಷರಕ್ಕೆ ಜಗಳವೆಂದೂ ಎರಡನೆಯದಕ್ಕೆ ಒಂದು ಜಾತಿಯ ಆಮೆಯೆಂದೂ ಬಂತು. ಹಾಲಿನ ಟಾಕಿ ಆಮೆಯ ಜೊತೆ ಜಗಳವಾಡುವ ಕಾರಣ ಶಿವಪ್ರಕಾಶನಿಗೆ ಹೊಳೆಯಲಿಲ್ಲ. ಅವನು ಚಹಾಕ್ಕೆ ಇಳಿದ. ಶರಫುದ್ದೀನ ಒಬ್ಬ ಲಾರಿಯವನೊಂದಿಗೆ ಮಳೆ, ತೊಗರಿ, ಅಳಿಯನ ಸೊಕ್ಕು ಎಲ್ಲವನ್ನೂ ಕನ್ನಡದಲ್ಲಿ ಮಾತಾಡಿ ಮುಗಿಸಿ, ಕೊನೆಗೆ "ಪೈಂತೀಸ್" ಎಂದು ಮೂವತ್ತೈದು ರೂಪಾಯಿಗೆ ಕೈ ಚಾಚಿದ. ಎಣಿಕೆಗೆ ಒಂದು ಭಾಷೆ, ಮಾತಿಗೆ ಇನ್ನೊಂದು. ಆಳಂದದಲ್ಲಿ ಎಲ್ಲರೂ ಹೀಗೇ. ಡಬ್ಬಿ ಮಾತ್ರ ಯಾಕೆ ಬೇರೆ ಇರಬೇಕು?

ಶಿವಪ್ರಕಾಶ ಚಹಾ ಅರ್ಧಕ್ಕೆ ಬಿಟ್ಟು ಮೇಲೆ ಹತ್ತಿದ. ಕೊನೆಯ ಹದಿನೆಂಟು ಬೈಟಿಗೆ ಮಾತ್ರ ಬಾಣವನ್ನು ಮತ್ತೆ ಬಲಕ್ಕೆ ತಿರುಗಿಸಿದ. ಚೀನಿ ಹೋಯಿತು. ಅಲ್ಲಿ ಬರೆದಿದ್ದದ್ದು ಇಷ್ಟು:

ಊಟ ಆತೇನ್ರ

ಕನ್ನಡದ ಒಂದೊಂದು ಗುರುತಿಗೆ, ಅಕ್ಷರಕ್ಕೊಂದು, ಅದರ ಕೊಂಬಿಗೊಂದು, ದೀರ್ಘಕ್ಕೊಂದು ಎಂಬಂತೆ ಎರಡೆರಡು ಬೈಟು ಬೇಕಾಗುತ್ತದೆ. ಹದಿನೆಂಟರಲ್ಲಿ ಹಿಡಿಯುವುದು ಒಂಬತ್ತೇ ಗುರುತು. ಹತ್ತನೆಯದು, 'ರಿ' ಆಗಬೇಕಾದ ಗುಡಿಸು, ಹೊರಗೆ ಉಳಿದಿತ್ತು. ಆದರೂ ಕೇಳಿದ್ದು ಏನೆಂಬುದರಲ್ಲಿ ಅನುಮಾನವಿರಲಿಲ್ಲ. ಶಿವಪ್ರಕಾಶ ಸುತ್ತ ನೋಡಿದ. ಚಂದ್ರಾಮಪ್ಪ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಅವನು ಪರದೆಗೆ ಸಣ್ಣ ದನಿಯಲ್ಲಿ, "ಇನ್ನಾ ಇಲ್ರಿ," ಎಂದ.

ಇದು ಹೇಗೆ ಬಂತೆಂಬುದನ್ನು ಅಫಜಲಪುರ ಬಿಡಿಸಿ ಹೇಳಿತು. ಅಲ್ಲಿಯ ಪೊಟ್ಟಣದ ಬಾಲದಲ್ಲಿ 'ರೀಚಾರ್ಜ್' ಎಂಬ ಮಾತಿತ್ತು. ಸಿಮ್ ಕಂಪನಿಯವರು ಡಬ್ಬಿಯ ಸಿಮ್ಮಿಗೂ, ಅದನ್ನೂ ಒಬ್ಬ ಮನುಷ್ಯನೆಂದು ತಿಳಿದು, ಜಾಹೀರಾತಿನ ಮೆಸೇಜ್ ಕಳಿಸುತ್ತಿದ್ದರು. ಬಂದ ಮೆಸೇಜು ಡಬ್ಬಿಯ ನೆನಪಿನಲ್ಲಿ ಕೂಡುತ್ತದೆ. ಹತ್ತು ನಿಮಿಷಕ್ಕೆ ಡಬ್ಬಿ ಅದೇ ಜಾಗದ ಮೇಲೆ ತನ್ನ ನಲವತ್ತಾರು ಬೈಟು ಬರೆಯುತ್ತದೆ. ಪೂರ್ತಿ ಒರೆಸದ ಪಾಟಿಯ ಮೇಲೆ ಬರೆದಂತೆ, ಹಳೆಯ ಮೆಸೇಜಿನ ಮುಂದಿನ ಭಾಗ ಅಳಿದು, ಆಮೇಲಿನ ಒಂಬತ್ತು ಗುರುತು ಹಾಗೇ ಉಳಿದು ಆಳಂದಕ್ಕೆ ಬರುತ್ತಿತ್ತು. ಡಬ್ಬಿ ಮಾಡಿದವನು 'ಮೊದಲು ಒರೆಸು' ಎಂಬ ಒಂದು ಸಾಲನ್ನು ಮರೆತಿದ್ದ, ಅಷ್ಟೆ.

ಹಾಗಾದರೆ ಖಜೂರಿಯ ಡಬ್ಬಿಗೆ ಯಾರೋ ಮೆಸೇಜ್ ಕಳಿಸುತ್ತಿದ್ದಾರೆ. ಆ ನಂಬರು ಮುಂಚೆ ಬೇರೆ ಯಾರದೋ ಇದ್ದಿರಬೇಕು, ಅವರನ್ನು ಬಲ್ಲವರು ಯಾರೋ ಇನ್ನೂ ಅದಕ್ಕೇ ಬರೆಯುತ್ತಿರಬೇಕು ಎಂದು ಶಿವಪ್ರಕಾಶ ತೀರ್ಮಾನಿಸಿದ. ಊಟ ಆಯಿತೇ ಎಂದು ಕೇಳಿಸಿಕೊಳ್ಳುವ ಆ ಪುಣ್ಯವಂತ ಯಾರೋ. ತಾನಲ್ಲ. ತಾನು ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವ ಪ್ರಯಾಣಿಕ.

ಆದರೂ ಅವನು ಕೇಳಿಸಿಕೊಂಡ. ಮಧ್ಯಾಹ್ನವಾದರೆ ಬಾಲ ಬದಲಾಗುತ್ತಿತ್ತು. 'ಇವತ್ತು ಮಳ' ಎಂದು ಬಂದ ದಿನ ಅವನು ಕಿಟಕಿಯಿಂದ ಖಜೂರಿಯ ದಿಕ್ಕಿನ ಮೋಡ ನೋಡಿದ. 'ಮೊಣಕಾಲ ನೋ' ಎಂದು ಬಂದ ದಿನ ಮನಸ್ಸು ಸರಿಯಿರಲಿಲ್ಲ. 'ಬೆಕ್ಕು ಹಾ' ಎಂದು ನಿಂತುಬಿಟ್ಟಾಗ ಬೆಕ್ಕು ಹಾಲು ಕುಡಿಯಿತೋ, ಹಾಳಾಗಿ ಹೋಯಿತೋ, ಹಾರಿತೋ ಎಂಬ ಯೋಚನೆಯಲ್ಲಿ ಖಾನಾವಳಿಯಲ್ಲಿ ಒಂದು ರೊಟ್ಟಿ ಹೆಚ್ಚು ತಿಂದ. 'ಯಾರೂ ಬಂದಿ' ಎಂಬ ದಿನ ಅದರ ಮುಂದಿನ 'ಲ್ಲ'ವನ್ನು ಅವನೇ ತುಂಬಿಕೊಂಡ. ತುಂಬಲು ಅವನಿಗೆ ಕಷ್ಟವಾಗಲಿಲ್ಲ. ಊಟದ ಪ್ರಶ್ನೆ ಮಾತ್ರ ಎರಡು ದಿನಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಅವನು ಉಂಡು ಬಂದು, ಪರದೆಯ ಮುಂದೆ ಕೂತು, "ಆತ್ರಿ, ನಿಮ್ದು?" ಎನ್ನುವ ಹಂತಕ್ಕೆ ಬಂದಿದ್ದ. ಹಾಗೆ ಅಂದಾದ ಮೇಲೆ ಸಿಮ್ ಕಂಪನಿಯ 'ರೀಚಾರ್ಜ್' ಬಂದು ಆ ಮಾತನ್ನು ಅಳಿಸಿದರೆ ಅವನಿಗೆ ಖರೇಖರೇ ಸಿಟ್ಟು ಬರುತ್ತಿತ್ತು. ಅವನ ಸ್ವಂತ ಊರಾದ ಜೇವರ್ಗಿಯ ಡಬ್ಬಿ ಹಾಲಿನ ಡಿಗ್ರಿ ಬಿಟ್ಟು ಇನ್ನೇನೂ ಹೇಳಲಿಲ್ಲ. ಅಲ್ಲಿಯ ಬಾಲ ಸೊನ್ನೆ.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಚಂದ್ರಾಮಪ್ಪ ಒಮ್ಮೆ ಬಾಗಿಲಲ್ಲೇ ನಿಂತು ಕೇಳಿದರು.

"ಪ್ರೋಗ್ರಾಮ್ ಓದಾಕತ್ತೀನ್ರಿ, ಬಾಯಿ ಮಾಡಿ."

"ಮಾಡ್ರಿ. ನಮ್ಮಪ್ಪನೂ ವಚನ ಹಂಗೇ ಓದ್ತಿದ್ದ. ಆದ್ರ ಅವ ನಡುನಡುವ ನಾಚತಿರಲಿಲ್ಲ."

ಮ್ಯಾನೇಜರ್ ಎಂದರೆ ಎಷ್ಟಾದರೂ ಮ್ಯಾನೇಜರ್. ಅವರು ಹತ್ತಿರ ಬಂದು ಪರದೆ ನೋಡಿದರು, ಬಾಲ ನೋಡಿದರು, ಓದಿದರು. ವಿಷಯ ಏನೆಂದು ಶಿವಪ್ರಕಾಶ ಹೇಳಲೇಬೇಕಾಯಿತು. ಚಂದ್ರಾಮಪ್ಪನವರ ಮುಖ ಸಣ್ಣಗಾಯಿತು.

"ಮಂದೀ ಖಾಸಗಿ ಮಾತು ನಮ್ಮ ಹಾಲಿನ ಮಿಷಿನ್ಯಾಗ ಅಡ್ಡಾಡಾಕತ್ತಾವಂದ್ರ ನಾಳೆ ಯಾರರೆ ಕಂಪ್ಲೇಂಟ್ ಕೊಟ್ಟಾರು. ಆ ಬಾಲ ತೆಗೀರಿ."

"ಅದಕ್ಕ ಖಜೂರಿಗೇ ಹೋಗಬೇಕ್ರಿ. ವಾಯರ್ ಹಚ್ಚಿ ಮಾಡೂ ಕೆಲಸ."

"ಹೋಗ್ರಿ. ಯಾರ ಬ್ಯಾಡ ಅಂದಾರ?"

ಯಾರೂ ಬೇಡ ಅಂದಿರಲಿಲ್ಲ. ಅದೇ ತೊಂದರೆ. ಶಿವಪ್ರಕಾಶ ಈ ವಾರ, ಬರುವ ವಾರ ಎಂದು ತಳ್ಳಿದ. ಬಸ್ಸಿನ ನೆಪ ಹೇಳಿದ, ಕರೆಂಟಿನ ನೆಪ ಹೇಳಿದ, ಒಮ್ಮೆ ತನ್ನದೇ ಮೊಣಕಾಲಿನ ನೆಪ ಹೇಳಿದ. 'ಮೊದಲು ಒರೆಸು' ಎಂಬ ಆ ಸಾಲು ಬರೆದರೆ ಮಾರನೆಯ ದಿನದಿಂದ ಹದಿನೆಂಟು ಸೊನ್ನೆ ಬರುತ್ತವೆಂದು ಅವನಿಗೆ ಗೊತ್ತಿತ್ತು. ತನಗಲ್ಲದ ಮಾತೇ ಇರಬಹುದು. ಆದರೆ ಅದನ್ನೂ ಕಳೆದುಕೊಂಡರೆ ಉಳಿಯುವುದು ಖಾನಾವಳಿಯವನ ಪ್ರಶ್ನೆಯೊಂದೇ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಬಾಲದಲ್ಲಿ ಹೊಸ ಮಾತು ಬಂತು:

ನೀವು ಒಬ್ರ

ಅದರ ಮುಂದಿನದು ಕತ್ತರಿಸಿತ್ತು. ಶಿವಪ್ರಕಾಶ ಅದನ್ನು ಸಂಜೆಯ ತನಕ ನೋಡಿದ. ಮಳೆಯ ಮಾತಾದರೆ, ಬೆಕ್ಕಿನ ಮಾತಾದರೆ, ಯಾರಿಗೆ ಹೇಳಿದ್ದಾದರೂ ನಡೆಯುತ್ತದೆ. ಈ ಪ್ರಶ್ನೆ ಹಾಗಲ್ಲ. ಇದನ್ನು ಕೇಳಿದವರು ಯಾರು, ಯಾರನ್ನು ಎಂದು ತಿಳಿಯದೆ ಇನ್ನೊಂದು ದಿನ ಅದರ ಮುಂದೆ ಕೂಡುವುದು ಅವನಿಂದಾಗದು. ಮರುದಿನ ಲ್ಯಾಪ್‌ಟಾಪು, ವಾಯರು ಚೀಲಕ್ಕೆ ಹಾಕಿಕೊಂಡು ಖಜೂರಿಯ ಮೇಲೆ ಹೋಗುವ ಉಮರ್ಗಾ ಬಸ್ಸು ಹತ್ತಿದ.

ಖಜೂರಿಯ ಕೇಂದ್ರ ಊರಿನ ಹೊರಗೆ, ಲಾರಿಗಳು ಮಹಾರಾಷ್ಟ್ರಕ್ಕೆ ಹೊರಳುವ ರಸ್ತೆಯ ಮಗ್ಗುಲಿಗಿತ್ತು. ಬೆಳಿಗ್ಗೆ ಸಂಜೆ ಹಾಲು ಹಾಕುವವರ ಗದ್ದಲ, ನಡುವಿನ ಇಡೀ ಹಗಲು ಟಾಕಿಯ ಗುಂಯ್‌ಗುಡುವಿಕೆ. ಒಳಗೆ ಅರವತ್ತರ ಹತ್ತಿರದ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಳು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕೇಂದ್ರ ನೋಡಿಕೊಳ್ಳುವ ಖಾಸೀಂಬಿ. ಸಂಬಳದ ಪಟ್ಟಿಯಲ್ಲಿ ಶಿವಪ್ರಕಾಶ ಆ ಹೆಸರು ನೋಡಿದ್ದ, ಮನುಷ್ಯರನ್ನು ನೋಡಿರಲಿಲ್ಲ.

"ಬರ್ರಿ, ಬರ್ರಿ. ರಿಪೇರಿಯವರೇನ್ರಿ?"

"ಹೌದ್ರಿ ಅಮ್ಮಾ, ಆಳಂದದಿಂದ."

"ಕೂಡ್ರಿ. ಊಟ ಆತೇನ್ರಿ?"

ಶಿವಪ್ರಕಾಶ ಚೀಲ ಕೆಳಗಿಡುವುದನ್ನು ಮರೆತು ನಿಂತ. ಆ ಮಾತನ್ನು ಕೊನೆಯ ಗುಡಿಸಿನ ಸಮೇತ ಅವನು ಕೇಳಿದ್ದು ಅದೇ ಮೊದಲು. ಆದರೆ ಅವನು ವಿಚಾರವಂತ. ಈ ಸೀಮೆಯಲ್ಲಿ ಈ ಪ್ರಶ್ನೆ ಯಾವ ಸಾಕ್ಷಿಯೂ ಅಲ್ಲ, ಹಿಡಿದೊಯ್ಯಲು ಬಂದ ಪೊಲೀಸರೂ ಮೊದಲು ಅದನ್ನೇ ಕೇಳುತ್ತಾರೆ. "ಆಗ್ಯದ್ರಿ," ಎಂದು ಸುಳ್ಳು ಹೇಳಿ, ಡಬ್ಬಿಯ ಮುಚ್ಚಳ ತೆಗೆದು ವಾಯರ್ ಹಚ್ಚಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ನೆಲಕ್ಕೆ ಕೂತ. ನಿನ್ನೆಯ 'ನೀವು ಒಬ್ರ' ಅಲ್ಲೂ ಹಾಗೇ ಇತ್ತು.

"ಚಾ ತರಸ್ತೀನಿ, ರಸ್ತೆ ದಾಟಿದ್ರ ಹೋಟೆಲ್ ಅದ," ಎಂದಳು ಖಾಸೀಂಬಿ. "ತಡೀರಿ, ಮೊದಲ ನನ್ನ ಡ್ಯೂಟಿ ಮುಗಸ್ತೀನಿ." ಟಾಕಿಯ ಮೇಲಿನ ಅಂಕಿ ನೋಡಿ, ಸ್ಟೂಲಿಗೆ ಮರಳಿ, ಬಟನ್ನಿನ ಸಣ್ಣ ಫೋನು ಕೈಗೆ ತೆಗೆದುಕೊಂಡಳು. ಒಂದೊಂದು ಅಕ್ಷರಕ್ಕೂ ತುಟಿ ಅಲುಗಿಸುತ್ತ, ಬಹಳ ಹೊತ್ತು ಒತ್ತಿದಳು. ಕೊನೆಗೊಂದು ಸಲ ಗಟ್ಟಿಯಾಗಿ ಒತ್ತಿ ಫೋನು ಕೆಳಗಿಟ್ಟಳು.

ಗೋಡೆಯ ಡಬ್ಬಿಯಲ್ಲಿ ಹಸಿರು ದೀಪ ಮಿಣುಕಿತು.

ಅವನು ಪರದೆ ನೋಡಿದ. ಮುಂದಿನ ಪೊಟ್ಟಣ ತಯಾರಾಗಿ, ಬಾಲ ಬದಲಾಯಿತು:

ರಿಪೇರಿಯವರ

ತನ್ನ ಬಗ್ಗೆ ತನಗೇ ಬಂದ ವರದಿಯನ್ನು ಶಿವಪ್ರಕಾಶ ಎರಡು ಸಲ ಓದಿದ.

"ಅಮ್ಮಾ, ಈಗ ಯಾರಿಗೆ ಕಳಿಸಿದ್ರಿ?"

"ಆಳಂದ ಸಾಹೇಬ್ರಿಗೆ."

"ಯಾವ ಸಾಹೇಬ್ರಿ?"

"ಅದು ನಮಗೇನ ಗೊತ್ರಿ? ಮಿಷಿನ್ ಕೂಡ್ಸಾಕ ಬಂದಿದ್ದನಲ್ಲ ಹುಲೆಪ್ಪ, ಅವ ಹೇಳ್ಯಾನ. ಖಾಸೀಂಬಿ, ಮಿಷಿನ್ ಮ್ಯಾಲ ನಂಬರ್ ಅಂಟಿಸೀನಿ ನೋಡು, ದಿನಾ ಮಧ್ಯಾಹ್ನ ಅದಕ್ಕ ಮೆಸೇಜ್ ಹಾಕು, ಸೀದಾ ಆಳಂದ ಸಾಹೇಬ್ರಿಗೆ ಹೋಗ್ತದ ಅಂದ."

ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯ ನಂಬರು ಆ ಡಬ್ಬಿಯದೇ ಸಿಮ್ಮಿನದು. ಡಬ್ಬಿ ಆಫೀಸಿನ ಜೊತೆ ಮಾತಾಡುತ್ತದೆ, ಅಂದಮೇಲೆ ಡಬ್ಬಿಗೆ ಹೇಳಿದ್ದು ಆಫೀಸಿಗೆ ಹೇಳಿದಂತೆ ಎಂಬುದು ಹುಲೆಪ್ಪನ ಲೆಕ್ಕ. ಆ ಲೆಕ್ಕ ತಪ್ಪು. ಆದರೂ ಹದಿನೆಂಟು ಬೈಟಿನಷ್ಟು ಸರಿ.

"ಏನ ಬರೀತೀರಿ, ಓದಿ ಹೇಳ್ತೀರೇನ್ರಿ?"

ಖಾಸೀಂಬಿ ಕನ್ನಡಕ ಸರಿಮಾಡಿಕೊಂಡು, ಏಳನೆಯ ಇಯತ್ತೆಯ ಪಾಠ ಒಪ್ಪಿಸುವ ದನಿಯಲ್ಲಿ ಓದಿದಳು: "ಆಳಂದ ಸಾಹೇಬ್ರಿಗೆ ಸಲಾಮ್. ರಿಪೇರಿಯವರು ಬಂದಾರ, ಪಾಪ ಬಿಸಲಾಗ ಬಂದಾರ. ಹಾಲು ನಾಕ ಡಿಗ್ರಿ ಅದ."

"ದಿನಾ ಹಿಂಗೇ ಬರೀತೀರೇನು?"

"ಮತ್ತ? ಮೊದಲ ಸಲಾಮ್, ಆಮ್ಯಾಲ ನಾಕ ಸುಖದುಃಖದ ಮಾತು, ಆಮ್ಯಾಲ ಕೆಲಸ. ಬಂದವರಿಗೆ ಬಾಗಲಾಗೇ ಡಿಗ್ರಿ ಹೇಳ್ತಾರೇನ್ರಿ ಯಾರರೆ?"

ಶಿವಪ್ರಕಾಶ ಬೆರಳಲ್ಲಿ ಎಣಿಸಿದ. ಅಕ್ಷರ, ಕೊಂಬು, ದೀರ್ಘ, ನಡುವಿನ ಖಾಲಿ ಜಾಗ, ಚುಕ್ಕೆ, ಚುಕ್ಕೆಯ ನಂತರದ ಖಾಲಿ ಜಾಗ. 'ಆಳಂದ ಸಾಹೇಬ್ರಿಗೆ ಸಲಾಮ್.' ಇಪ್ಪತ್ತಮೂರು ಗುರುತು. ಎರಡೆರಡರಂತೆ ನಲವತ್ತಾರು ಬೈಟು. ಡಬ್ಬಿ ತನ್ನ ಡಿಗ್ರಿ, ಲೀಟರ್, ಕರೆಂಟುಗಳನ್ನು ತಂದು ಸುರಿಯುತ್ತಿದ್ದದ್ದು ಸರಿಯಾಗಿ ಅದರ ಮೇಲೇ. ಕೆಲಸದ ಮಾತು ಹಿಂದೆ ಉಳಿದು ಕತ್ತರಿಸಿ ಹೋಗುತ್ತಿತ್ತು. ಯಾರಿಗೆ ಎಂಬುದೂ ಬರದೆ, ಯಾತಕ್ಕೆ ಎಂಬುದೂ ಬರದೆ, ನಡುವಿನ ಸುಖದುಃಖವಷ್ಟೇ ಆಳಂದ ಮುಟ್ಟುತ್ತಿತ್ತು. ಅಷ್ಟು ದಿನ ಕಳ್ಳನಂತೆ ಓದಿದ್ದು ತನಗೇ ಬರೆದದ್ದು.

"ಆದ್ರ ನಿಮ್ಮ ಸಾಹೇಬ್ರು ಭಾರೀ ಮನುಷ್ಯಾ ಬಿಡ್ರಿ," ಖಾಸೀಂಬಿ ಮುಂದುವರಿಸಿದಳು. "ಒಂದ ದಿನಾನೂ ಜವಾಬ ಇಲ್ಲ. ನಮ್ಮ ಮಗ ಲಾಡ್ಲೆಸಾಬಗ ಹೇಳಿದೆ. ಅವ ಲಾರೀ ಮ್ಯಾಲ ಇರ್ತಾನ, ತಿಂಗಳಿಗೊಮ್ಮೆ ಬಂದು ಮಲಗೆದ್ದು ಹೋಗೂದ ಅವನ ಸಂಸಾರ. ಅವ ಅಂದ, ದೊಡ್ಡವರು ಓದತಾರ, ಜವಾಬ ಕೊಡೂದಿಲ್ಲ ಬೇ, ಅಂತ. ಇರ್ಲಿ. ಓದಿದ್ರ ಸಾಕು. ಈ ಟಾಕಿ ಮುಂದ ಇಡೀ ದಿನಾ ಕೂತು ಬಾಯಿ ಗಂಟಾಗ್ತದ್ರಿ. ಸಾಹೇಬ್ರು ಮುದುಕರಿರಬೇಕು ಅನಸ್ತದ, ರಿಟೈರಾಗಾಕ ಬಂದವರು. ಕಿವಿ ಮಂದ. ಮನ್ಯಾಗ ಯಾರ ಅದಾರೋ ಇಲ್ಲೋ. ನಿನ್ನಿ ಕೇಳೇಬಿಟ್ಟೆ, ನೀವು ಒಬ್ರ ಇರ್ತೀರೇನ್ರಿ, ಅಂತ."

ಇಲ್ಲಿ ಶಿವಪ್ರಕಾಶನಿಗೆ ದಾರಿಗಳಿದ್ದವು. ಆ ಸಾಹೇಬರು ರಜೆಯ ಮೇಲಿದ್ದಾರೆ ಎನ್ನಬಹುದಿತ್ತು. ಸಾಹೇಬರಿಗೆ ಕಿವಿ ಮಂದವೆಂಬುದು ನಿಜ ಎನ್ನಬಹುದಿತ್ತು. ವಾಯರ್ ಸುತ್ತಿಕೊಂಡು, ಡಬ್ಬಿ ಸರಿಯಿದೆ ಎಂದು ಎದ್ದು ಬರಬಹುದಿತ್ತು. ಆಗ ಮರುದಿನ ಮಧ್ಯಾಹ್ನ ಮತ್ತೆ ಒಂಬತ್ತು ಗುರುತು ಬರುತ್ತಿದ್ದವು. ಆದರೆ ಒಂಬತ್ತರಿಂದ ಹೊಟ್ಟೆ ತುಂಬದವನಿಗೆ ಪೂರ್ತಿ ಮಾತು ಎದುರಿಗೇ ಕೂತು ಕೇಳಿತ್ತು. ಆ ಪ್ರಶ್ನೆಯನ್ನು ಯಾರೂ ಕೇಳದೆ ಎಷ್ಟೋ ವರ್ಷ.

"ಆ ಸಾಹೇಬ ನಾನೇ ರೀ, ಅಮ್ಮಾ," ಎಂದ. "ಹೌದ್ರಿ. ಒಬ್ಬನೇ ಇರ್ತೀನಿ."

ಖಾಸೀಂಬಿ ಅವನನ್ನು ನೋಡಿದಳು. ನೆಲದ ಮೇಲೆ ಕೂತಿದ್ದ, ತಲೆಗೂದಲು ಇನ್ನೂ ಕಪ್ಪಗಿದ್ದ, ಕಿವಿ ಚೆನ್ನಾಗಿ ಕೇಳುವ ಒಬ್ಬ ಗಂಡಸನ್ನು. ಅವಳ ಕೈ ತಾನಾಗಿ ಸೆರಗಿಗೆ ಹೋಯಿತು, ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಸ್ಟೂಲಿನಿಂದ ಎದ್ದು ನಿಂತಳು.

"ಯಾ ಅಲ್ಲಾ! ನೀವಾ? ಮತ್ತ ನೆಲಕ್ಕ ಕೂತೀರಲ್ಲ ಸರ್! ಏಳ್ರಿ, ಸ್ಟೂಲ್ ತೊಗೋರಿ."

"ಇರ್ಲಿ ಇರ್ಲಿ, ನೀವು ಕೂಡ್ರಿ. ಬೆಕ್ಕಿಂದು ಏನಾತ್ರಿ? ಅದು ಹಾ ಅನ್ನೂತನಾ ಬಂತು, ಮುಂದಿಂದು ಕತ್ತರಿಸಿಬಿಡ್ತು."

"ಅದೂ ಓದೀರೇನ್ರಿ?" ಖಾಸೀಂಬಿಯ ಮುಖ ಇನ್ನಷ್ಟು ಇಳಿಯಿತು. "ಬಿಡ್ರಿ ಸರ್, ಹುಚ್ಚಿ ಬರದೀನಿ. ಕೆಲಸದ ಹೊತ್ತಿನ್ಯಾಗ ಹಂಗೆಲ್ಲ ಬರೀಬಾರ್ದಿತ್ತು. ಮ್ಯಾನೇಜರ್ ಸಾಹೇಬ್ರಿಗೆ ಹೇಳಬ್ಯಾಡ್ರಿ."

"ಹೇಳೂದಿಲ್ಲ. ನನಗ ಖುಷೀನೇ ಆಗ್ತಿತ್ರಿ ಓದಾಕ. ಮೊಣಕಾಲ ಈಗ ಹ್ಯಾಂಗದ?"

"ಆರಾಮ ಅದ ಸರ್."

ಅವಳು ಬಾಗಿಲಿಗೆ ಹೋಗಿ ರಸ್ತೆಯಾಚೆ ಕೈಸನ್ನೆ ಮಾಡಿ ಚಹಾ ತರಿಸಿದಳು. ಅವನಿಗೆ ಒಂದೇ. ತನಗೆ ಈಗಷ್ಟೇ ಆಯಿತು ಎಂದಳು. ಅವನು ಕುಡಿಯುವ ತನಕ ಟಾಕಿಯ ಹಿತ್ತಾಳೆಯ ನಲ್ಲಿಯನ್ನು ಒರೆಸುತ್ತ ನಿಂತಳು. ನಲ್ಲಿ ಮೊದಲೇ ಹೊಳೆಯುತ್ತಿತ್ತು.

ಶಿವಪ್ರಕಾಶ ಧೈರ್ಯಗೆಡಲಿಲ್ಲ. ಹೊಸ ಪರಿಚಯ, ಸಂಕೋಚ ಇದ್ದದ್ದೇ, ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡ. ತನ್ನ ಸ್ವಂತ ಮೊಬೈಲಿನ ನಂಬರನ್ನು ದಪ್ಪಗೆ ಬರೆದು ಹಳೆಯ ಚೀಟಿಯ ಮೇಲೆ ಅಂಟಿಸಿದ. "ಇನ್ನ ಮ್ಯಾಲ ಇದಕ್ಕ ಹಾಕ್ರಿ ಅಮ್ಮಾ. ಪೂರಾ ಬರ್ತದ. ನಾನೂ ಜವಾಬ ಕೊಡ್ತೀನಿ."

"ಹೌದ್ರಿ ಸರ್."

ಇನ್ನು ಒಂಬತ್ತು ಗುರುತು ಯಾರಿಗೆ ಬೇಕು? ಅವನು ಲ್ಯಾಪ್‌ಟಾಪಿನಲ್ಲಿ ಆ ಒಂದು ಸಾಲು ಬರೆದು ಡಬ್ಬಿಗೆ ಕಳಿಸಿದ: ಬರೆಯುವ ಮುಂಚೆ ಒರೆಸು. ಹಸಿರು ದೀಪ ಆರಿ ಮತ್ತೆ ಹತ್ತಿತು. 'ರಿಪೇರಿಯವರ' ಇದ್ದಲ್ಲಿ ಸೊನ್ನೆಗಳು ಬಂದು ಕೂತವು. ಚಂದ್ರಾಮಪ್ಪನವರಿಗೆ ಫೋನು ಮಾಡಿ ಬಾಲ ತೆಗೆದೆ ಎಂದ. "ಶಾಬಾಸ್! ಇಷ್ಟಕ್ಕ ತಿಂಗಳಗಟ್ಟಲೆ ಆಟಾ ಆಡಿಸಿದ್ರಿ," ಎಂದರು ಅವರು.

ಮರುದಿನ ಶಿವಪ್ರಕಾಶ ಖಾನಾವಳಿಗೆ ಬೇಗ ಹೋಗಿ ಬಂದ. ಊಟ ಆಯಿತೇ ಎಂದು ಕೇಳಿದಾಗ ಆಗಿರಬೇಕಲ್ಲ. ಮೊಬೈಲನ್ನು ಟೇಬಲ್ಲಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡ. ಮಧ್ಯಾಹ್ನ ಅದು ಸದ್ದು ಮಾಡಿತು. ಯಾವ ಅಕ್ಷರವೂ ಕತ್ತರಿಸಿರಲಿಲ್ಲ.

'ಖಜೂರಿ ಕೇಂದ್ರ. ಹಾಲು 4 ಡಿಗ್ರಿ. ಕರೆಂಟು ಇದೆ. ಇಂತಿ ಖಾಸೀಂಬಿ.'

ಅವನು ಅದನ್ನು ಓದಿ, ಕೆಳಗೆ ಇನ್ನೇನಾದರೂ ಇದೆಯೇ ಎಂದು ಪರದೆಯನ್ನು ಮೇಲೆ ಸರಿಸಿದ. ಇರಲಿಲ್ಲ. ಸಲಾಮೂ ಇರಲಿಲ್ಲ. 'ಅದ' ಹೋಗಿ 'ಇದೆ' ಬಂದಿತ್ತು. ಬಹಳ ಯೋಚಿಸಿ, ಎರಡು ಸಲ ಅಳಿಸಿ, ಮೂರನೆಯ ಸಲಕ್ಕೆ ಬರೆದ: 'ಅಮ್ಮಾ, ಊಟ ಆತೇನ್ರಿ?'

ಜವಾಬು ಬರಲು ಹೊತ್ತಾಯಿತು. ಅವಳು ಯಾರನ್ನಾದರೂ ಕೇಳಿ ಬರೆದಿರಬೇಕು.

'ಹೌದು ಸರ್. ಹಾಲು 4 ಡಿಗ್ರಿ ಇದೆ ಸರ್.'

ವಾರವೆಲ್ಲ ಹೀಗೇ ನಡೆಯಿತು. ಆಮೇಲೆ ಅವನು ಕೇಳುವುದನ್ನು ಬಿಟ್ಟ. ಖಜೂರಿ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಡಬ್ಬಿಗಳಿಗೆ ಅದೇ ಸಾಲು ಬರೆದು ಆಯಿತು. ಪ್ರೋಗ್ರಾಮ್ ಮುಗಿಯಿತು. ಮೇಲಿನವರು ಚಂದ್ರಾಮಪ್ಪನವರನ್ನು ಹೊಗಳಿದರು. ಕೊನೆಯ ಹದಿನೆಂಟು ಬೈಟುಗಳು ಈಗ ಸೊನ್ನೆ. ಹಾಲು ನಾಲ್ಕು ಡಿಗ್ರಿ ಇದೆ.